ಬದನೆ ಗಿಡಕ್ಕೆ ಹೋದ ಅಮೈನೊ

ನನ್ನ ತಂಗಿಯ ಮಗ ದೇಹದಾರ್ಢ್ಯವೆಂಬ ವ್ರತ ಹಿಡಿದ ಮೇಲೆ ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ಅನ್ನದ ಮರ್ಯಾದೆ ಹೋಯಿತು. ಅವನಿಗೆ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಮಂಡ್ಯದಿಂದ ಬಸ್ಸು ಸಲೀಸೆಂದು ನಮ್ಮಲ್ಲೇ ಉಳಿದಿದ್ದ. ಬೆಳಿಗ್ಗೆ ಜಿಮ್ಮು, ಆಮೇಲೆ ಕೆಲಸ, ಸಂಜೆ ಮತ್ತೆ ಜಿಮ್ಮು. ನಡುನಡುವೆ ಅಮೈನೊ. ಅದೊಂದು ಕರಿ ಡಬ್ಬ. ಒಳಗೆ ಕಲ್ಲಂಗಡಿ ವಾಸನೆಯ ಗುಲಾಬಿ ಪುಡಿ. ಅದನ್ನು ನೀರಿಗೆ ಕಲಕಿ, ಪೂರ್ವಾಭಿಮುಖವಾಗಿ ನಿಂತು, ತೀರ್ಥದಂತೆ ಸೇವಿಸುತ್ತಿದ್ದ.

ನಾನು ನಿವೃತ್ತ ವಿಜ್ಞಾನದ ಮೇಷ್ಟ್ರು. ಹೊಟ್ಟೆಗೆ ಹೋದ ಪ್ರೋಟೀನೆಲ್ಲ ಕೊನೆಗೆ ಅಮೈನೊ ಆಮ್ಲವೇ ಆಗುತ್ತದೆ, ಹುರುಳಿಕಾಳಿನಲ್ಲೂ ಅದು ಧಾರಾಳವಾಗಿದೆ ಎಂದು ಕಪ್ಪು ಹಲಗೆಯ ಮೇಲೆ ಆಯುಷ್ಯ ಸವೆಸಿದವನು. ಹೇಳಿ ನೋಡಿದೆ.

“ಉರುಳಿಕಾಳು ಅರಗೋದ್ರೊಳ್ಗೆ ಮಸಲ್ಸೇ ಕರಗೋಯ್ತದೆ ಮಾವ. ಇದು ಸೀದಾ ರಕ್ತಕ್ಕೋಯ್ತದೆ,” ಎಂದ. ನನ್ನ ಇಡೀ ಸೇವಾವಧಿ ಒಂದು ಮಾತಿನಲ್ಲಿ ವಜಾ ಆಯಿತು.

ಅವನ ಕಷ್ಟ ಬೇರೆ ಇತ್ತು. ಹಿಂದಿನ ವರ್ಷ ಮದ್ದೂರಿನ ಸ್ಪರ್ಧೆಯಲ್ಲಿ ಅವನು ಕೊನೆಯವನು. ಅಂದಿನಿಂದ ಕಾರ್ಖಾನೆಯಲ್ಲಿ ಭಾರದ ಪೆಟ್ಟಿಗೆ ಬಂದಾಗಲೆಲ್ಲ, “ಬಾಡಿ ಬಿಲ್ಡ್ರು ಎತ್ತಲಿ ಬುಡ್ರಲಾ,” ಎಂದು ಜೊತೆಯವರು ಕೈಕಟ್ಟಿ ನಿಲ್ಲುತ್ತಿದ್ದರಂತೆ. ಈ ಸಲ ಮೂರರೊಳಗೆ ಬರದಿದ್ದರೆ ಮತ್ತೆ ಜಿಮ್ಮಿಗೆ ಕಾಲಿಡುವುದಿಲ್ಲವೆಂದು ನನ್ನ ಹೆಂಡತಿಯ ಮುಂದೆ ಆಣೆ ಇಟ್ಟಿದ್ದ.

ಸ್ಪರ್ಧೆಗೆ ಹದಿನೈದು ದಿನವಿದ್ದಾಗ ಕೆರಗೋಡಿನಲ್ಲಿ ನಮ್ಮಣ್ಣನ ಗದ್ದೆಯ ನಾಟಿ ಬಂತು. ಹುಡುಗ ಡಬ್ಬ ಸಮೇತ ಹೋಗಿ, ಡಬ್ಬ ಬಿಟ್ಟು ವಾಪಸಾದ. ಮಾರನೆಯ ದಿನ ನೆನಪಾಗಿ ಅಣ್ಣನಿಗೆ ಫೋನು ಮಾಡಿದ. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ.

“ದೊಡ್‌ಮಾವ, ಔಷ್ದಿ ಪಂಪಿನ ಪಕ್ದಲ್ಲಿ ನನ್ ಡಬ್ಬ ಅದೆ, ವಸಿ ಎತ್ತಿಡಿ.”

“ಅಮೈನೊ ಡಬ್ಬನಾ? ಬೆಳಿಗ್ಗೇನೆ ಬದ್ನೆ ಗಿಡುಕ್ಕೆ ಒಡ್ದೆ ಕಣ್ಲಾ. ಪೂರಾ.”

ಅಣ್ಣನದು ತಪ್ಪೆನ್ನುವಂತಿಲ್ಲ. ನಮ್ಮ ರೈತರಿಗೆ ಅಮೈನೊ ಹಳೆಯ ನೆಂಟ. ಗೊಬ್ಬರದಂಗಡಿಯಲ್ಲಿ ಬಾಟಲಿಯಲ್ಲಿ ಸಿಗುತ್ತದೆ. ಹೂವು ಕಟ್ಟಲೆಂದು ತರಕಾರಿ ಗಿಡಕ್ಕೆ ನೀರಲ್ಲಿ ಬೆರೆಸಿ ಹೊಡೆಯುತ್ತಾರೆ. ಡಬ್ಬದ ಮೇಲಿನ ಇಂಗ್ಲಿಷಿನಲ್ಲಿ ಅಣ್ಣನಿಗೆ ಓದಲು ಬಂದದ್ದು ಅದೊಂದೇ ಪದ. ಅಳಿಯ ಪಟ್ಟಣದಿಂದ ಬದನೆಗೆಂದು ಒಳ್ಳೆಯ ಮಾಲು ತಂದಿದ್ದಾನೆಂದು ಹಿಗ್ಗಿ, ಪಂಪಿಗೆ ಸುರಿದಿದ್ದ.

ಹುಡುಗ ಗೋಳಿಟ್ಟ. ಅತ್ತಲಿಂದ ಅಣ್ಣ ಸಮಾಧಾನಕ್ಕಿಳಿದ. “ಗೋಳ್ಯಾಕ್ಲಾ? ನಂತಾವೂ ಅರ್ಧ ಬಾಟ್ಲಿ ಅಮೈನೊ ಅದೆ. ಬಸ್ಸಲ್ಲಿ ಕೊಟ್ ಕಳಿಸ್ತೀನಿ, ಕುಡ್ಕೊ.”

ನಾನು ಫೋನು ಕಿತ್ತುಕೊಂಡೆ. “ಅಣ್ಣಯ್ಯ, ಅದು ಮನುಷ್ಯ ಕುಡಿಯೋದಲ್ಲ!”

“ಅಂಗಾರೆ ಇವನ್ದು ಗಿಡ ಕುಡಿಯೋದಾ? ಸೀ ವಾಸ್ನೆಗೆ ತೋಟದ್ ತುಂಬ ಇರುವೆ ಮುತ್ಕಂಡವೆ, ಬಂದ್ ನೋಡು!”

ಮಂಡ್ಯದ ಅಂಗಡಿಯಲ್ಲಿ ಆ ಡಬ್ಬ ಮುಗಿದಿತ್ತು. ಬೇರೆ ಕಂಪನಿಯದನ್ನು ಹುಡುಗ ಮುಟ್ಟಲೊಲ್ಲ. ಮನೆದೇವರನ್ನು ಬದಲಾಯಿಸಿದ ಹಾಗಾಗುತ್ತದಂತೆ.

ಅಣ್ಣ ತಪ್ಪಾಯಿತು ಎನ್ನುವ ಪೈಕಿಯವನಲ್ಲ. ಆದರೆ ಮಾರನೆಯ ದಿನದಿಂದ ಕೆರಗೋಡಿನ ಮೊದಲ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಒಂದು ಟಿಫನ್ ಕ್ಯಾರಿಯರ್ ಬರತೊಡಗಿತು. ಬೇಯಿಸಿದ ನಾಟಿಕೋಳಿ ಮೊಟ್ಟೆ, ಮೊಳಕೆ ಹುರುಳಿಕಾಳು. “ಮೇಷ್ಟ್ರೇ, ಪೈಲ್ವಾನ್ರ ನೈವೇದ್ಯ ಬಂತು!” ಎಂದು ಕಂಡಕ್ಟರ್ ಇಡೀ ನಿಲ್ದಾಣಕ್ಕೆ ಸಾರುತ್ತಿದ್ದ. ಹುಡುಗ ಹುರುಳಿಕಾಳನ್ನು ಸಾವಿನ ಮನೆಯಲ್ಲಿ ಉಣ್ಣುವವನಂತೆ ಉಂಡ. ಆಗಲೇ ಹೇಳಿರಲಿಲ್ಲವೆ ಎಂಬ ಮಾತನ್ನು ನಾನು ನುಂಗಿಕೊಂಡೆ. ನನ್ನ ಜೀವಮಾನದ ಏಕೈಕ ತಪಸ್ಸು ಅದು.

ಸ್ಪರ್ಧೆ ಮದ್ದೂರಿನ ಒಂದು ಮದುವೆ ಛತ್ರದಲ್ಲಿ, ಬೆಳಿಗ್ಗೆ. ಅವನ ತೂಕದವರು ಐದು ಜನ, ಐವರೂ ಮೈಗೆ ಕಂದು ಬಣ್ಣ ಬಳಿದುಕೊಂಡು ಹೊಸದಾಗಿ ಪಾಲಿಶ್ ಮಾಡಿದ ಬೀರುಗಳಂತೆ ನಿಂತಿದ್ದರು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಲ್ಲಿ ಕೂತ. ಎತ್ತು ಕೊಳ್ಳುವಾಗ ಹಲ್ಲಿನಿಂದ ಗೊರಸಿನವರೆಗೆ ನೋಡಿಯೇ ಹಗ್ಗ ಹಿಡಿಯುವವನು. ಐವರನ್ನೂ ಅದೇ ಕಣ್ಣಲ್ಲಿ ಅಳೆದು, “ನಮ್ಮೋನ್ದು ತೊಡೆ ಸಾಲ್ದು, ಬೆನ್ನು ಚೆನ್ನಾಗದೆ,” ಎಂದು ತೀರ್ಪಿತ್ತ.

ತೀರ್ಪುಗಾರರು ಎದೆ ತೋರಿಸಲು ಹೇಳಿದರು. ಅಣ್ಣ ಎದ್ದು ನಿಂತು ಗುಡುಗಿದ: “ಎದೆ ಬುಡ್ಲಾ! ಬೆನ್ ತೋರ್ಸು!”

ಚಿಕ್ಕಂದಿನಿಂದ ಆ ಗಂಟಲಿಗೆ ಹೆದರಿದ ಹುಡುಗ ಗಿರಕ್ಕನೆ ತಿರುಗಿಬಿಟ್ಟ. ನಾಲ್ಕು ಎದೆಗಳ ನಡುವೆ ಒಂದೇ ಒಂದು ಬೆನ್ನು. ಛತ್ರವೆಲ್ಲ ನಕ್ಕಿತು. ಮೈಕಿನವರು, “ಹಿರಿಯರು ದಯಮಾಡಿ ಕೂರಬೇಕು,” ಎಂದು ವಿನಂತಿಸಿದರು. ಆದರೆ ತೀರ್ಪುಗಾರರೊಬ್ಬರು ಕನ್ನಡಕ ಏರಿಸಿ ಆ ಬೆನ್ನನ್ನು ಹಾಗೇ ನೋಡಿ, ಏನೋ ಗೀಚಿಕೊಂಡರು.

ಫಲಿತಾಂಶವನ್ನು ಕೆಳಗಿನಿಂದ ಓದಿದರು. ಐದು, ಅವನಲ್ಲ. ನಾಲ್ಕು, ಅವನಲ್ಲ. ಮೂರನೆಯವನಾಗಿ ಅವನ ಹೆಸರು ಬಂದಾಗ ಮೊದಲು ಕುಣಿದವನು ಅಣ್ಣ. “ಕಾಳು ಕಣ್ಲಾ, ಕಾಳು!” ಎಂದ. ಹುಡುಗ, “ಮೊದ್ಲು ಕುಡ್ದಿದ್ ಅಮೈನೊ ರಕ್ತದಲ್ಲಿ ಇನ್ನೂ ಇತ್ತು ದೊಡ್‌ಮಾವ,” ಎಂದ. ಇಬ್ಬರೂ ನನ್ನತ್ತ ತಿರುಗಿದರು. ನಾನು ವಿಜ್ಞಾನವನ್ನು ಬದಿಗಿಟ್ಟು, ಊಟ ಎಲ್ಲಿ ಎಂದು ಕೇಳಿದೆ.

ಮಧ್ಯಾಹ್ನ ಮನೆಗೆ ಬಂದವನು ಸ್ನಾನಕ್ಕೆ ಒಪ್ಪಲಿಲ್ಲ. “ನಾಳೆ ಕಂಪ್ನಿಯೋರು ಈ ಬಣ್ಣದಲ್ಲೇ ನೋಡ್ಲಿ ಅತ್ತೆ.”

“ಅವ್ರು ನೋಡ್ಲಿ. ನನ್ ದಿಂಬು ಯಾಕ್ಲಾ ನೋಡ್ಬೇಕು?” ಎಂದು ನನ್ನ ಹೆಂಡತಿ ಹಜಾರದಲ್ಲಿ ಹಳೆಯ ಚಾಪೆ ಎಸೆದಳು. ಅವನು ಗೆದ್ದ ಕಂಚಿನ ಪದಕ ತೊಟ್ಟೇ ಬೋರಲು ಮಲಗಿದ. ಮಗ್ಗುಲಾದಾಗಲೆಲ್ಲ ಅದು ನೆಲಕ್ಕೆ ತಾಗಿ ಟಣ್ ಎನ್ನುತ್ತಿತ್ತು. ನನಗೆ ಮಧ್ಯಾಹ್ನದ ನಿದ್ದೆ ಹತ್ತಲಿಲ್ಲ. ತೆಗೆದಿಡು ಎನ್ನಲು ಮನಸ್ಸೂ ಬರಲಿಲ್ಲ.