ಸಣ್ಣಗಾದ ಕರಡಿ

ತ್ಯಾಗರಾಜನಗರದಲ್ಲಿ ನನ್ನದು ಟೈಲರ್ ಅಂಗಡಿ. ಮಕ್ಕಳು ಹಾಲಿಗೆ ಹಾಕಿಕೊಂಡು ತಿನ್ನುವ ಸಿಹಿ ಫ್ಲೇಕ್ಸ್ ಕಂಪನಿಯೊಂದಕ್ಕೆ ಕರಡಿ ವೇಷ ಹೊಲಿದುಕೊಡುತ್ತೇನೆ. ಡಬ್ಬದ ಮೇಲಿರುವ ಕರಡಿಯೇ ಅದು. ಮೊದಲು ಅದಕ್ಕೆ ಟೋಪಿ ಇತ್ತು, ಆಮೇಲೆ ಕೂಲಿಂಗ್ ಗ್ಲಾಸ್ ಬಂತು. ಹೊಟ್ಟೆ ಮಾತ್ರ ಹಾಗೇ ಇತ್ತು. ಮೊನ್ನೆ ಕಂಪನಿಯ ಮೇಡಂ ತಂದ ಹೊಸ ಚಿತ್ರದಲ್ಲಿ ಹೊಟ್ಟೆಯೇ ಇರಲಿಲ್ಲ.

ಒಂಬತ್ತು ವರ್ಷದಿಂದ ಜಯನಗರದ ಅಂಗಡಿಗಳ ಮುಂದೆ ಆ ವೇಷದಲ್ಲಿ ಕುಣಿಯುವ ಮಂಜಣ್ಣ ಅಳತೆ ಕೊಡಲು ಬಂದಿದ್ದ. ಚಿತ್ರ ನೋಡಿ ಸ್ಟೂಲಿನ ಮೇಲೆ ಕುಸಿದ.

"ಈ ಹೊಟ್ಟೆ ನೋಡಿಯೇ ಸಾರ್ ನಂಗೆ ಕೆಲಸ ಕೊಟ್ಟಿದ್ದು. ಈಗ ಇದನ್ನ ಎಲ್ಲಿ ಬಿಟ್ಟು ಬರ್ಲಿ?"

"ಇವರು ಸಣ್ಣ ಕಾಣದಿದ್ರೆ ಕುಣಿಯೋಕೆ ಬೇರೆಯವರನ್ನ ನೋಡ್ತೀವಿ ಅಂಕಲ್," ಅಂದರು ಮೇಡಂ ನನಗೆ.

"ಏಳಯ್ಯ, ಕೈ ಎತ್ತು," ಅಂದೆ ಮಂಜಣ್ಣನಿಗೆ.

ಅವನ ಹೊಟ್ಟೆಯ ಅಳತೆಗೇ ಹೊಲಿದೆ. ಎರಡೂ ಪಕ್ಕಕ್ಕೆ ಕಪ್ಪು ಬಟ್ಟೆ ಕೊಟ್ಟು, ನಡುವೆ ಕಂದು ಬಣ್ಣದ ಉದ್ದ ಪಟ್ಟಿ ಇಳಿಸಿದೆ. ದಪ್ಪಗಿರುವವರು ಸಣ್ಣ ಕಾಣಲೆಂದು ಅವರ ಚೂಡಿದಾರಕ್ಕೂ ನಾನು ಮಾಡುವುದು ಇಷ್ಟೇ.

ವೇಷ ತೊಟ್ಟು ನಿಂತವನನ್ನು ಮೇಡಂ ಸುತ್ತು ಹಾಕಿ ನೋಡಿದರು. "ಸೂಪರ್ ಅಂಕಲ್, ಎಷ್ಟು ಸಣ್ಣ ಆಗಿದೆ! ಮಂಜಣ್ಣ, ಶನಿವಾರದಿಂದ ಬಂದ್ಬಿಡಿ."

ಕರಡಿಯನ್ನು ಯಾಕೆ ಸಣ್ಣ ಮಾಡಿದಿರಿ ಎಂದು ಕೇಳಿದೆ.

"ಫ್ಲೇಕ್ಸ್‌ನಲ್ಲಿ ಸಕ್ಕರೆ ಕಮ್ಮಿ ಮಾಡಿದೀವಲ್ಲ, ಅದಕ್ಕೇ."

ಅದನ್ನೂ ಯಾರೋ ಟೈಲರೇ ಕಮ್ಮಿ ಮಾಡಿರಬೇಕು.