‘ಹೊಡಿ’ ಎಂದಷ್ಟೇ ಕೇಳಿಸಿತು

ಕೋವಿಡ್ ಮುಗಿದು ಅಂಗಡಿಬೀದಿಗಳಿಗೆ ಮತ್ತೆ ಜೀವ ಬಂದ ವರ್ಷವದು. ಶಿವಮೊಗ್ಗದಲ್ಲಿ ನನ್ನದೊಂದು ಕಮರ್ಷಿಯಲ್ ಫೋಟೋಗ್ರಫಿ ಸ್ಟುಡಿಯೊ ಇತ್ತು. ವಯಸ್ಸು ಅರವತ್ತು ದಾಟಿತ್ತು, ಕೂತು ಎದ್ದರೆ ಮಂಡಿ ಸದ್ದು ಮಾಡುತ್ತಿತ್ತು, ಆದರೂ ಕೆಲಸ ಬಿಟ್ಟಿರಲಿಲ್ಲ. ಕಮರ್ಷಿಯಲ್ ಎಂದರೆ ಮದುವೆ, ನಾಮಕರಣಗಳಲ್ಲ. ಮಾರುವ ವಸ್ತುವನ್ನು ಚೆಂದ ಕಾಣಿಸುವ ಕೆಲಸ. ರೇಷ್ಮೆ ಸೀರೆ, ಬೆಳ್ಳಿ ದೀಪ, ಉಪ್ಪಿನಕಾಯಿ ಬಾಟಲಿ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳಿಗೆ ನಾನು ಇಂಗ್ಲಿಷ್ ಟೀಚರ್ ಆಗಬೇಕೆಂಬ ಆಸೆಯಿತ್ತು, ಪೂವರ್ ಡಿಯರ್ಸ್. ನಾನು ಉಪ್ಪಿನಕಾಯಿಗೆ ಲೈಟ್ ಹಿಡಿಯುವವಳಾದೆ.

ಆ ಬೇಸಿಗೆ ಒಂದು ಗ್ರಾನೈಟ್ ಕಂಪನಿಯಿಂದ ಫೋನ್ ಬಂತು. ಅದರ ಹೆಸರಾಗಲಿ ಊರಿನ ಹೆಸರಾಗಲಿ ಇಲ್ಲಿ ಬೇಡ. ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿ, ಗುಡ್ಡದ ಬುಡ ಮುಟ್ಟಿದರೆ ಅವರ ಕ್ವಾರಿ. ಹೊಸ ಬ್ರೋಷರ್‌ಗೆ ‘ಡಾಕ್ಯುಮೆಂಟರಿ ಸ್ಟೈಲ್’ ಚಿತ್ರಗಳು ಬೇಕಾಗಿದ್ದವು: ಕೆಲಸಗಾರರು, ಅವರ ಮನೆಗಳು, ಸುರಕ್ಷತೆ. ಈಮೇಲಿನಲ್ಲಿ ‘ನಮ್ಮ ಮೈನಿಂಗ್ ಟೌನ್’ ಎಂದಿತ್ತು. ಉಪ್ಪಿನಕಾಯಿಯಿಂದ ಬಿಡುಗಡೆ ಸಿಕ್ಕಿದ ಖುಷಿಯಲ್ಲಿ ಒಪ್ಪಿಕೊಂಡೆ.

ಶಿರಾಳಕೊಪ್ಪದ ನಜೀರ್ ಎಂಬವರ ಬಾಡಿಗೆ ಕಾರು. ನಾನು ‘ಮೈನಿಂಗ್ ಟೌನ್’ ಎಂದದ್ದೇ ಅವರಿಗೆ ನಗು ತಡೆಯಲಾಗಲಿಲ್ಲ.

“ಟೌನಾ? ಅಮ್ಮಾ, ಅಲ್ಲಿರದು ಒಂದೇ ಟೀ ಅಂಗ್ಡಿ. ಅದು ಟೌನ್ ಆದ್ರೆ ನಮ್ ಶಿರಾಳಕೊಪ್ಪನ ಲಂಡನ್ ಅನ್ಬೇಕಾಗ್ತದೆ.”

ಅಂಜನಾಪುರ ಜಲಾಶಯದ ನೀರು ಕುಡಿದ ಗದ್ದೆಗಳ ಹಸಿರನ್ನು ಬೆಳಿಗ್ಗೆ ದಾಟಿ ಬಂದಿದ್ದೆ. ಇಲ್ಲಿ ತಿರುವು ತೆಗೆದುಕೊಂಡ ಮೇಲೆ ಬೇಲಿಗಿಡ, ಹುಲ್ಲು, ಹಂಚು, ಎಮ್ಮೆಯ ಬೆನ್ನು ಎಲ್ಲದರ ಮೇಲೂ ಒಂದೇ ಬೂದುಬಿಳಿ ಪುಡಿ. ಓವರ್‌ಎಕ್ಸ್‌ಪೋಸ್ ಆದ ಚಿತ್ರದೊಳಗೆ ಕಾರು ಹೋಗುತ್ತಿದೆ ಎನಿಸಿತು. ನಜೀರ್ ನಗುವುದನ್ನು ನಿಲ್ಲಿಸಿ ಗಾಜು ಏರಿಸಿದರು.

ಎರಡು ಸಾಲು ಶೀಟಿನ ಮನೆ, ಆಚೆ ಜಲ್ಲಿ ಕ್ರಷರ್, ಅದರಾಚೆ ಗುಡ್ಡವನ್ನು ಅರ್ಧ ಕಚ್ಚಿ ತಿಂದಂತೆ ಕ್ವಾರಿಯ ಹೊಂಡ. ಪಕ್ಕದಲ್ಲೇ ಕಲ್ಲು ಮುಗಿದು ಕೈಬಿಟ್ಟ ಹಳೇ ಹೊಂಡ. ಅದರಲ್ಲಿ ಹಸಿರು ನೀರು ನಿಂತಿತ್ತು. ಪ್ರತಿಯೊಂದು ಮನೆಯ ಗೋಡೆಯಲ್ಲೂ ಬಿರುಕು. ಬಿರುಕಿಗೆ ಸಗಣಿ ಮೆತ್ತಿದ್ದರು, ಅದೂ ಬಿರಿದಿತ್ತು.

ಕಂಪನಿಯ ಮ್ಯಾನೇಜರ್ ಪ್ರಕಾಶ್ ಮೊದಲು ಕರೆದೊಯ್ದದ್ದು ಹನುಮಂತಪ್ಪನವರ ಮನೆಗೆ. ಆ ಕ್ವಾರಿಯ ಅತಿ ಹಳೆಯ ಕೆಲಸಗಾರ. ಜೀವನವಿಡೀ ಡ್ರಿಲ್ ಹಿಡಿದು ಕಿವಿ ಪೂರ್ತಿ ಹೋಗಿತ್ತು. ಈಗ ಉಳಿಗಳನ್ನು ಹದ ಮಾಡಿಕೊಡುತ್ತಿದ್ದರು. ನಾನು ಕ್ಯಾಮೆರಾ ಎತ್ತಿದರೆ ಹೆಂಡತಿ ಗಂಗವ್ವನ ಕಡೆ ನೋಡಿದರು.

“ನಗಬೇಕೋ ಬ್ಯಾಡೋ, ಕೇಳು ಅಕ್ಕಾರ್ನ.”

“ನಗು ಮಾರಾಯಾ. ನಕ್ಕರೆ ಹಲ್ಲಷ್ಟೇ ಕಾಣ್ತಾವೆ, ಮುಖ ಮರೆಯಾಗ್ತದೆ,” ಎಂದು ಆಕೆ ಕೈಸನ್ನೆ ಮಾಡಿದಳು. ನನ್ನ ಕಡೆ ತಿರುಗಿ, “ಇವ್ರಿಗೆ ಕಿವಿ ಇಲ್ಲ ಅಂತ ನನ್ ಬೈಗುಳ ಎಲ್ಲಾ ವೇಸ್ಟ್ ಆಗ್ತಾವ್ರಿ ಅಕ್ಕಾರೆ. ಅದೊಂದೇ ದುಃಖ,” ಎಂದಳು.

ಹನುಮಂತಪ್ಪ ಅವಳ ತುಟಿ ಓದಿ ನಕ್ಕರು. ಕಣ್ಣಿನಿಂದಲೇ ಎಲ್ಲವನ್ನೂ ಕೇಳಿಸಿಕೊಳ್ಳುವ ಮನುಷ್ಯ. ಅಷ್ಟು ಎಚ್ಚರದ ಕಣ್ಣುಗಳನ್ನು ನಾನು ಲೆನ್ಸಿನ ಮೂಲಕ ಹೆಚ್ಚು ನೋಡಿಲ್ಲ.

ಮಾತಿನ ನಡುವೆಯೇ ಗಂಗವ್ವ ಎದ್ದು ಹಲಗೆಯ ಮೇಲಿದ್ದ ಪಾತ್ರೆಗಳನ್ನು ಒಂದೊಂದಾಗಿ ನೆಲಕ್ಕಿಳಿಸತೊಡಗಿದಳು. ಅಕ್ಕಪಕ್ಕದ ಮನೆಗಳಿಂದಲೂ ಅದೇ ಸದ್ದು. ಅದು ಊಟದ ಹೊತ್ತು, ಅಲ್ಲಿ ಸ್ಫೋಟದ ಹೊತ್ತೂ ಅದೇ. ಎಲ್ಲರೂ ಮನೆಯೊಳಗೆ ಇರುತ್ತಾರೆಂದು ಎಂದೋ ಗೊತ್ತುಮಾಡಿದ ವೇಳೆ. ಸೈರನ್ ಕೂಗಿತು. ಹನುಮಂತಪ್ಪನವರಿಗೆ ಅದು ಕೇಳಿಸುವಂತಿರಲಿಲ್ಲ. ಅವರು ಅಂಗಳದ ಕಂಬದ ನೆರಳು ನೋಡಿ ಆಗಲೇ ಒಳಗೆ ಬಂದು ಕೂತಿದ್ದರು. ಆಮೇಲೆ ಅಂಗಾಲಿನಿಂದ ಹಲ್ಲಿನವರೆಗೆ ಏನೋ ಹತ್ತಿ ಬಂದ ಹಾಗಾಯಿತು. ಗೋಡೆಯ ಮಣ್ಣು ಸಣ್ಣಗೆ ಉದುರಿತು.

“ಹೊಡದ್ರಾ?” ಎಂದು ಹನುಮಂತಪ್ಪ ಕೇಳಿದರು. ಗಂಗವ್ವ ತಲೆಯಾಡಿಸಿದಳು. ಆಗ ಅವರು ನಿರಾಳವಾಗಿ ರೊಟ್ಟಿ ಮುರಿದರು.

ಸದ್ದಡಗಿದ್ದೇ ನಾನು ಹೊರಗೋಡಿ ಕ್ವಾರಿಯ ಚಿತ್ರ ತೆಗೆದಿದ್ದೆ, ಪ್ರಕಾಶ್‌ಗೆ ಅದು ಹಿಡಿಸಲಿಲ್ಲ. ನೆತ್ತಿಯ ಬಿಸಿಲಿನಲ್ಲಿ ಧೂಳು ಬರಿ ಧೂಳಿನ ಹಾಗೇ ಕಂಡಿತ್ತು. ಅವರು ಎಲ್ಲೋ ಕ್ಯಾಲೆಂಡರಿನಲ್ಲಿ ಸಂಜೆ ಬಿಸಿಲಿಗೆ ಚಿನ್ನದ ಮೋಡದಂತೆ ಏಳುವ ಧೂಳನ್ನು ನೋಡಿದ್ದರಂತೆ. “ನಾಳೆ ಬ್ಲಾಸ್ಟನ್ನೇ ಸಂಜೆಗೆ ಹಾಕ್ಸೋಣ ಮೇಡಂ. ಗೋಲ್ಡನ್ ಅವರ್!” ಎಂದರು. ಕೆಲಸಗಾರರಿಗೆ ತಿಳಿಸಿದ್ದೀರಾ ಎಂದು ಕೇಳಿದೆ. “ಬಾಯಿಂದ ಬಾಯಿಗೆ ಹೋಗತ್ತೆ. ಚಿಕ್ಕ ಜಾಗ.”

ಮರುದಿನ ಶಿರಾಳಕೊಪ್ಪದಲ್ಲಿ ಸಂತೆ. ಗಂಗವ್ವ ಬೆಳಿಗ್ಗೆಯೇ ಬಸ್ಸು ಹಿಡಿದಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಆ ದಿನ ಮಧ್ಯಾಹ್ನ ಸೈರನ್ ಇಲ್ಲ, ನೆಲ ನಡುಗಲಿಲ್ಲ. ಟೀ ಅಂಗಡಿಯ ನಾಯಿ ಊಟದ ಹೊತ್ತಿಗೆ ಅಭ್ಯಾಸದಂತೆ ಲಾರಿಯಡಿ ಸೇರಿದ್ದು ಸಂಜೆಯವರೆಗೂ ಹೊರಗೆ ಬರಲಿಲ್ಲ.

ಬಿಸಿಲು ಹಳದಿಗೆ ತಿರುಗಿದಾಗ ನಾನು ಎದುರು ದಿಬ್ಬದ ಮೇಲೆ ಟ್ರೈಪಾಡ್ ನಿಲ್ಲಿಸಿ, ಕ್ಯಾಮೆರಾದ ರಿಮೋಟ್ ಕೈಯಲ್ಲಿ ಹಿಡಿದು ನಿಂತೆ. ಪಕ್ಕದಲ್ಲಿ ಪ್ರಕಾಶ್, ಕೈಯಲ್ಲಿ ವಾಕಿಟಾಕಿ. ಮದ್ದು ತುಂಬಿ ಸಿಡಿಸುವ ಯಲ್ಲಪ್ಪ ಕೆಳಗೆ ಮಣ್ಣುಗೋಡೆಯ ಮರೆಯಲ್ಲಿದ್ದ. ನಮಗೆ ಅವನು ಕಾಣುತ್ತಿರಲಿಲ್ಲ, ಅವನಿಗೆ ನಾವು ಕಾಣುತ್ತಿರಲಿಲ್ಲ. ಎರಡು ದಾರಿಗಳಲ್ಲಿ ಕೆಂಪು ಬಾವುಟ ಹಿಡಿದವರು ನಿಂತಿದ್ದರು. ಹಳೇ ಹೊಂಡದ ದಾರಿಗೆ ಯಾರೂ ಇರಲಿಲ್ಲ, ಎಂದಿನ ಸ್ಫೋಟದ ವೇಳೆಯಾದ ಮಧ್ಯಾಹ್ನ ಅಲ್ಲಿಗೆ ಯಾರೂ ಹೋಗದ ಕಾರಣ ಅಲ್ಲಿ ಕಾವಲು ನಿಲ್ಲಿಸುವ ರೂಢಿಯೇ ಇರಲಿಲ್ಲ. ಸೈರನ್ ಕೂಗಿತು.

ಆಗ ಗಂಗವ್ವ ಓಡುತ್ತಾ ದಿಬ್ಬ ಹತ್ತಿದಳು. ಸಂತೆಯ ಚೀಲ ಇನ್ನೂ ಹೆಗಲಿನಲ್ಲಿತ್ತು.

“ಮನ್ಯಾಗಿಲ್ರಿ! ಹಳೇ ಹೊಂಡಕ್ಕೆ ಮೈ ತೊಳಿಯಾಕೆ ಹೋಗ್ಯಾರೆ! ದಿನಾ ಈ ಹೊತ್ತಿಗೆ ಹೋಗ್ತಾರೆ! ಯಾರ್ ಹೇಳೀರಿ ಅವ್ರಿಗೆ? ಯಾರ್ ಹೇಳೀರಿ?”

ಪ್ರಕಾಶ್ ಬಿಳಿಚಿಕೊಂಡರು. ಅವರು ಕೆಟ್ಟ ಮನುಷ್ಯರೇನಲ್ಲ, ಅದನ್ನು ಹೇಳಲೇಬೇಕು. ಕೂಡಲೇ ವಾಕಿಟಾಕಿ ಬಾಯಿಗೆ ತಂದು “ಹೊಡೀಬೇಡ! ಯಲ್ಲಪ್ಪಾ, ಹೊಡೀಬೇಡ! ಹೊಡೀಬೇಡ!” ಎಂದು ಕಿರುಚಿದರು. ಮಾತಾಡುವಷ್ಟು ಹೊತ್ತೂ ಬಟನ್ ಒತ್ತಿ ಹಿಡಿಯಬೇಕು, ಬಿಟ್ಟರೆ ದನಿ ಅಲ್ಲಿಗೇ ತುಂಡಾಗುತ್ತದೆ. ಕೈಗಳನ್ನು ನೋಡುವುದು ನನ್ನ ವೃತ್ತಿಯ ಚಾಳಿ. ಅವರ ಹೆಬ್ಬೆರಳನ್ನು ನೋಡಿದೆ. ಗಾಬರಿಯಲ್ಲಿ ಅವರು ಕಾಲಿಂಗ್ ಬೆಲ್ ಒತ್ತುವ ಹಾಗೆ ಒತ್ತಿ ಒತ್ತಿ ಬಿಡುತ್ತಿದ್ದರು. ನಮ್ಮ ಭಾಷೆಯಲ್ಲಿ ಬೇಡ ಎನ್ನುವುದು ಕೊನೆಯಲ್ಲಿ ಬರುತ್ತದೆ. ಆ ಕೊನೆ ಕೆಳಗೆ ತಲುಪಲೇ ಇಲ್ಲ.

ನೆಲ ಎದ್ದು ಕೂತಿತು. ನನ್ನ ಮುಷ್ಟಿ ತಾನಾಗಿ ಬಿಗಿದು ರಿಮೋಟ್ ಒತ್ತಿಬಿಟ್ಟಿತು. ಚಿನ್ನದ ಬಣ್ಣದ ಮೋಡ ನಿಧಾನವಾಗಿ, ಬಲು ಸುಂದರವಾಗಿ ಮೇಲೇರಿತು. ಅದರೊಳಗಿಂದ ಹಳೇ ಹೊಂಡದ ನೀರಿಗೆ ಕಲ್ಲು ಬೀಳುವ ಸದ್ದು, ಒಂದರ ಹಿಂದೊಂದು, ಬಹಳ ಹೊತ್ತು ಕೇಳಿಸಿತು. ಸ್ಫೋಟದಲ್ಲಿ ಅಂಕೆ ಮೀರಿ ಹಾರುವ ಕಲ್ಲಿಗೆ ಫ್ಲೈ ರಾಕ್ ಎನ್ನುತ್ತಾರೆ. ಎಂಥ ಹಗುರ ಹೆಸರು.

ಗಂಗವ್ವ ಧೂಳಿನೊಳಕ್ಕೆ ಓಡಿದಳು. ಗಂಡನ ಹೆಸರು ಕೂಗಲಿಲ್ಲ. ಕೂಗಿ ಉಪಯೋಗವಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾವು ಹಿಂದೆ ಹೋದೆವು. ಹನುಮಂತಪ್ಪ ನೀರಿನ ಅಂಚಿನಲ್ಲಿ ಕೂತಿದ್ದರು, ಜೀವಂತವಾಗಿ. ಮೈಯೆಲ್ಲ ಬಿಳಿ, ಎರಡೂ ಅಂಗೈ ಮುಖದ ಮೇಲೆ, ಬೆರಳ ಸಂದಿನಿಂದ ರಕ್ತ. “ಏನಾತು? ಇಷ್ಟೊತ್ನಾಗೆ ಯಾಕೆ ಹೊಡದ್ರು?” ಎಂದು ಎಲ್ಲರಿಗೂ ಕೇಳುವಷ್ಟು ಜೋರಾಗಿ ಕೇಳುತ್ತಿದ್ದರು. ಉತ್ತರ ಕೊಟ್ಟರೂ ನೋಡುವುದು ಹೇಗೆ?

ನಜೀರ್ ತಮ್ಮ ಹೊಸ ಸೀಟ್ ಕವರಿನ ಮೇಲೆ ಅವರನ್ನು ಮಲಗಿಸಿಕೊಂಡು ಶಿಕಾರಿಪುರದ ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಹಾರಿಸಿಕೊಂಡು ಹೋದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಯಲ್ಲಪ್ಪ ಗೋಡೆಗೆ ಹಣೆ ಒತ್ತಿ ನಿಂತಿದ್ದ. “ತಡಿಯಾಕೆ ನಮ್ ಮಂದಿ ಯಾರೂ ಹೊಡೀಬ್ಯಾಡ ಅನ್ನಲ್ರೀ ಅಮ್ಮಾರೆ. ನಿಂದ್ರು ಅಂತಾರೆ. ಹೊಡಿ ಅಂದ್ರೆ ಹೊಡಿಯದು, ನಿಂದ್ರು ಅಂದ್ರೆ ನಿಂದ್ರದು. ನಂಗೆ ಹೊಡೀ, ಹೊಡೀ ಅಂತ್ಲೇ ಕೇಳ್ತು. ಸಾಹೇಬ್ರಿಗೆ ಅವಸರ ಐತಿ ಅನ್ಕಂಡೆ.”

ಮುಂದಿನ ವಾರ ಕಂಪನಿಯ ಹೆಡ್ ಆಫೀಸಿನಿಂದ ಯಾರೋ ಒಬ್ಬರು ಫೋನ್ ಮಾಡಿದರು. ದನಿ ತುಂಬಾ ಪೊಲೈಟ್. ಸಂಜೆಯ ಆ ಚಿತ್ರ ಬೇಕಂತೆ. ನಾನು ಅದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದ್ದೆ. ಅಷ್ಟು ವರ್ಷಗಳ ಕೆಲಸದಲ್ಲಿ ನನ್ನ ಕ್ಯಾಮೆರಾದಿಂದ ಬಂದ ಅತಿ ಚೆಂದದ ಚಿತ್ರ ಅದೇ. ಬಲಗಡೆ ಕೆಳಮೂಲೆಯಲ್ಲಿ, ಹಳೇ ಹೊಂಡದ ಬಂಡೆಯ ಮೇಲೆ, ಮಡಿಸಿಟ್ಟ ಒಂದು ಟವೆಲ್.

ಟವೆಲಿನ ವಿಷಯ ಹೇಳಿದೆ. ಆಚೆಯವರು, “ಅಷ್ಟು ಕ್ರಾಪ್ ಮಾಡಿ ಕೊಡ್ಬಹುದಲ್ವಾ ಮೇಡಂ?” ಎಂದರು.

ಕ್ರಾಪ್ ಮಾಡುವುದು ನನ್ನ ಕಸುಬು. ಸೀರೆಯ ಸುಕ್ಕು, ಬಾಟಲಿಯ ಕಲೆ, ಮಾಡೆಲ್‌ನ ದಣಿವು, ಎಷ್ಟನ್ನೋ ಅಂಚಿನಾಚೆ ತಳ್ಳಿದ್ದೇನೆ. ಆ ಟವೆಲನ್ನು ತಳ್ಳಲು ಕೈ ಬರಲಿಲ್ಲ. ಚಿತ್ರವನ್ನು ಇಡಿಯಾಗಿ ವಿಚಾರಣೆಗೆ ಬಂದ ಅಧಿಕಾರಿಗೆ ಕೊಟ್ಟೆ. ಹೆಬ್ಬೆರಳಿನ ವಿಷಯವನ್ನೂ ಬರೆದುಕೊಟ್ಟೆ. ಯಲ್ಲಪ್ಪನೊಬ್ಬನ ತಲೆಗೆ ಎಲ್ಲ ಬರುವುದು ಅದರಿಂದ ತಪ್ಪಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಫೋಟೋಗ್ರಾಫರಿಗೆ ಹೊತ್ತು ಎಂದರೆ ಬೆಳಕು. ಮಧ್ಯಾಹ್ನ ಬೇಡ, ಸಂಜೆ ಇರಲಿ ಎನ್ನುವುದು ನಮಗೆ ಬರಿ ರುಚಿಯ ಪ್ರಶ್ನೆ. ಆದರೆ ಆ ಹೊತ್ತನ್ನೇ ನಂಬಿ ಕಾಲಿಡುವವರೂ ಇರುತ್ತಾರೆ ಎಂಬುದನ್ನು ನನಗೆ ಆ ಕ್ವಾರಿ ಕಲಿಸಿತು. ಆಮೇಲೆ ಕೈಗೆತ್ತಿಕೊಂಡ ಸಣ್ಣಪುಟ್ಟ ಕೆಲಸಗಳಲ್ಲೂ, ಯಾರಾದರೂ ನನಗಾಗಿ ವೇಳೆ ಬದಲಿಸುತ್ತೇವೆ ಎಂದರೆ, ಇದರಿಂದ ಯಾರ ದಿನ ಏರುಪೇರಾಗುತ್ತದೆ ಎಂದು ಕೇಳದೆ ಲೈಟ್ ಹಚ್ಚಿದ್ದಿಲ್ಲ.

ಕೊನೆಗೊಮ್ಮೆ ಆಸ್ಪತ್ರೆಗೆ ಹೋದಾಗ ಹನುಮಂತಪ್ಪನವರ ಎರಡೂ ಕಣ್ಣಿಗೆ ಪಟ್ಟಿಯಿತ್ತು. ಒಂದು ಹೋಗಿತ್ತು, ಇನ್ನೊಂದಕ್ಕೆ ಬೆಳಕು ನೆರಳಿನ ವ್ಯತ್ಯಾಸ ತಿಳಿದರೆ ದೊಡ್ಡದು ಎಂದಿದ್ದರು ಡಾಕ್ಟರು. ಗಂಗವ್ವ ಹೊಸ ಭಾಷೆ ಕಟ್ಟಿಕೊಂಡಿದ್ದಳು: ಅಂಗೈಯನ್ನು ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ನಾನು ಬಂದದ್ದನ್ನು ತಿಳಿಸಲು ಆ ಭಾಷೆಯಲ್ಲಿ ಇನ್ನೂ ಪದವಿರಲಿಲ್ಲ. ಮಂಚದ ಪಕ್ಕ ಕೂತೆ.

ಹೊರಗೆ ಯಾರೋ ಸಿಲಿಂಡರಿನ ಟ್ರಾಲಿ ತಳ್ಳಿಕೊಂಡು ಹೋದರು. ಮಂಚದ ಕಾಲು ಅದುರಿತು. ಹನುಮಂತಪ್ಪ ತಟ್ಟನೆ ಎದ್ದು ಕೂತು, ಕತ್ತಲೆಯ ಕಡೆ ಮುಖ ತಿರುಗಿಸಿ ಕೇಳಿದರು:

“ಹೊಡದ್ರಾ?”

ಗಂಗವ್ವ ಅವರ ಅಂಗೈ ತೆಗೆದುಕೊಂಡು ಒಮ್ಮೆ ಒತ್ತಿದಳು.

ಅವರು ಮತ್ತೆ ಮಲಗಿದರು.