ಹಾರನ್ ಮುಟ್ಟದ ಚಿಕ್ಕಪ್ಪ

ನೂರು ಹಾರನ್‌ಗಳ ನಡುವೆ ಒಂದು ಸುಮ್ಮನಾದರೆ ಯಾರಿಗೆ ಲಾಭ? ಬಸ್ ಓಡಿಸುತ್ತಿದ್ದ ನಮ್ಮ ಚಿಕ್ಕಪ್ಪನ ಹಟ ಕಂಡಾಗಲೆಲ್ಲ ನನ್ನಲ್ಲಿ ಈ ಪ್ರಶ್ನೆ ಏಳುತ್ತಿತ್ತು. ಗದ್ದಲವು ರೋಗಿಗಳ ನಿದ್ದೆ ಕೆಡಿಸಿ ರಕ್ತದೊತ್ತಡ ಏರಿಸುತ್ತದೆಂದು ಓದಿದ್ದೆ. ಆದರೆ ಒಂದು ಹಾರನ್ ನಿಂತರೆ ಗದ್ದಲ ಅಳೆಯುವ ಮಾಪಕದ ಮುಳ್ಳು ಅಲುಗುವುದಿಲ್ಲ. ಆದರೂ ಆಸ್ಪತ್ರೆಯ ಬೀದಿಯಲ್ಲಿ ಅವರು ಹಾರನ್ ಮುಟ್ಟುತ್ತಿರಲಿಲ್ಲ.

"ಹಾರನ್ ಹೊಡೀದೆ ಇನ್ನೊಂದ್ಸಲ ಲೇಟಾದ್ರೆ ಬಸ್ಸಿಂದ ಇಳಿಸ್ತೀನಿ," ಎಂದರು ಡಿಪೋದ ಮೇಲಧಿಕಾರಿ.

"ಇಳಿಸಿ ಸಾರ್. ನಾನು ಹಾರನ್ ಹೊಡೆದ್ರೆ ಮುಂದಿರೋ ಲಾರಿಗೆ ರೆಕ್ಕೆ ಬರುತ್ತಾ?"

ಇಳಿಸಿಯೇಬಿಟ್ಟರು, ಹೊಸಬರಿಗೆ ಬಸ್ ಓಡಿಸಲು ಕಲಿಸುವ ಕೆಲಸಕ್ಕೆ ಹಾಕಿದರು. ಚಿಕ್ಕಪ್ಪ ಸೋತರೆಂದೇ ಮನೆಯವರೆಲ್ಲ ತಿಳಿದಿದ್ದೆವು. ಅವರು ತೀರಿಕೊಂಡ ಮೇಲೆ ಮನೆಗೆ ಬಂದ, ಅವರ ಬಳಿ ಕಲಿತ ಚಾಲಕರೊಬ್ಬರಿಂದ ತಿಳಿಯಿತು: ಡಿಪೋದ ಅಂಗಳದಲ್ಲಿ ಚಿಕ್ಕಪ್ಪ ಪ್ರತಿಯೊಬ್ಬರ ಪಾಠವನ್ನೂ ಹಾರನ್ ತಂತಿ ಕಳಚಿಯೇ ಶುರುಮಾಡುತ್ತಿದ್ದರಂತೆ.